ಸಮಾಜ ಪಾಠ ಹುಟ್ಟಿದ ಬಗೆ

ಹೈಸ್ಕೂಲಿಗೆ ಹೋಗುವ ಮಗುವಿರುವ ಮನೆಯಲ್ಲಿ ‘ಸೋಷಿಯಲ್’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಚರಿತ್ರೆ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಇವಿಷ್ಟನ್ನೂ ಒಂದೇ ಹೊರೆಯಾಗಿ ಕಟ್ಟಿ ಅದಕ್ಕೆ ಸಮಾಜ ವಿಜ್ಞಾನವೆಂದು ಹೆಸರಿಟ್ಟಿದ್ದೇವೆ. ಪರೀಕ್ಷೆಯ ಹಿಂದಿನ ರಾತ್ರಿ ಇಸವಿಗಳನ್ನು ಉರು ಹಾಕುವ ಹುಡುಗನಿಗಾಗಲಿ, ಪಕ್ಕದಲ್ಲಿ ಕುಳಿತು ಪಾಠ ಒಪ್ಪಿಸಿಕೊಳ್ಳುವ ತಾಯಿಗಾಗಲಿ, ಈ ಪಾಠಕ್ಕೂ ಒಂದು ಚರಿತ್ರೆಯುಂಟೆಂಬ ಯೋಚನೆ ಬರುವುದು ಅಪೂರ್ವ. ಗಣಿತದಂತೆ, ವ್ಯಾಕರಣದಂತೆ, ಇದೂ ಹಿಂದಿನಿಂದ ನಡೆದುಬಂದದ್ದೆಂದೇ ನಮ್ಮೆಲ್ಲರ ಭಾವನೆ. ವಾಸ್ತವವಾಗಿ ಇದರ ವಯಸ್ಸು ಹೆಚ್ಚು ಕಡಿಮೆ ನೂರಿಪ್ಪತ್ತು ವರ್ಷ. ಇದು ಹುಟ್ಟಿದ್ದು ಅಮೆರಿಕದಲ್ಲಿ. ಬೆಳೆದದ್ದು ವ್ಯಾಜ್ಯಗಳ ನಡುವೆ. ಒಮ್ಮೆ ಇದರ ಪುಸ್ತಕಗಳನ್ನು ಬೆಂಕಿಗೆ ಹಾಕಿದ್ದೂ ಉಂಟು. ಹನ್ನೆರಡು ಹದಿನಾಲ್ಕು ವಯಸ್ಸಿನ ಮಗುವಿಗೆ ತನ್ನ ಸಮಾಜದ ವಿಷಯವಾಗಿ ಏನನ್ನು ಹೇಳಬೇಕು, ಏನನ್ನು ಕೇಳಲು ಬಿಡಬೇಕು ಎಂಬುದೇ ಆ ವ್ಯಾಜ್ಯಗಳ ತಿರುಳು. ಆ ಕಥೆಯನ್ನು ಈ ಸಂಜೆ ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೈಸ್ಕೂಲು ವಿದ್ಯೆ ಕೆಲವರ ಸ್ವತ್ತಾಗಿತ್ತು. 1890ರಲ್ಲಿ ಅಷ್ಟು ದೊಡ್ಡ ದೇಶದ ಸಾರ್ವಜನಿಕ ಹೈಸ್ಕೂಲುಗಳಲ್ಲಿ ಓದುತ್ತಿದ್ದವರು ಸುಮಾರು 2 ಲಕ್ಷ ಮಂದಿ ಮಾತ್ರ. ಇವರಿಗೆ ಏನನ್ನು ಕಲಿಸಬೇಕೆಂಬುದನ್ನು ನಿಶ್ಚಯಿಸಲು 1892ರಲ್ಲಿ ಹತ್ತು ಮಂದಿಯ ಒಂದು ಸಮಿತಿ ನೇಮಕವಾಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ಅದಕ್ಕೆ ಅಧ್ಯಕ್ಷರು. ಚರಿತ್ರೆಯ ಪಾಠವನ್ನು ಕುರಿತು ವಿಚಾರ ಮಾಡಲು ಸೇರಿದ ಉಪಸಭೆಯಲ್ಲಿ ಮುಂದೆ ದೇಶದ ಅಧ್ಯಕ್ಷ ಪದವಿಗೇರಿದ ವುಡ್ರೋ ವಿಲ್ಸನ್ ಅವರೂ ಇದ್ದರು. ಅನಂತರ 1899ರಲ್ಲಿ ಇತಿಹಾಸಕಾರರ ಸಂಘವು ಏಳು ಮಂದಿಯ ಇನ್ನೊಂದು ಸಮಿತಿಯ ಮೂಲಕ ಒಂದು ಕ್ರಮವನ್ನು ಹಾಕಿಕೊಟ್ಟಿತು. ಮೊದಲನೆಯ ವರ್ಷ ಪ್ರಾಚೀನ ಚರಿತ್ರೆ, ಎರಡನೆಯ ವರ್ಷ ಯೂರೋಪಿನ ಚರಿತ್ರೆ, ಮೂರನೆಯ ವರ್ಷ ಇಂಗ್ಲೆಂಡಿನ ಚರಿತ್ರೆ, ನಾಲ್ಕನೆಯ ವರ್ಷ ಸ್ವದೇಶದ ಚರಿತ್ರೆ ಮತ್ತು ರಾಜ್ಯಾಡಳಿತ. ಇದು ಪಂಡಿತರು ಹಾಕಿದ ಗಟ್ಟಿಯಾದ ಪಂಕ್ತಿ. ನಾಲ್ಕು ವರ್ಷವೂ ಕುಳಿತು ಉಣ್ಣುವವನಿಗೆ ಅದು ಪುಷ್ಟಿಕರವಾಗಿಯೇ ಇತ್ತು.

ಆದರೆ ಉಣ್ಣಲು ಬರುವವರು ಬದಲಾಗುತ್ತಿದ್ದರು. ಯೂರೋಪಿನ ದಕ್ಷಿಣ ಮತ್ತು ಪೂರ್ವ ಭಾಗಗಳಿಂದ ಜನ ಹಡಗು ಹಡಗಾಗಿ ಬಂದಿಳಿಯುತ್ತಿದ್ದರು. 1907ನೆಯ ಒಂದೇ ವರ್ಷದಲ್ಲಿ ಬಂದವರ ಸಂಖ್ಯೆ 12 ಲಕ್ಷ 85 ಸಾವಿರ. ಹಳ್ಳಿಯವರು ಕಾರ್ಖಾನೆಗಳಿರುವ ಪಟ್ಟಣಗಳಿಗೆ ನುಗ್ಗಿದರು. ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದೂ ಶಾಲೆಗೆ ಕಳುಹಿಸಬೇಕೆಂದೂ ಒಂದೊಂದು ಸಂಸ್ಥಾನವೂ ಕಾನೂನು ಮಾಡುತ್ತ ಬಂತು. 2 ಲಕ್ಷವಿದ್ದ ಹೈಸ್ಕೂಲು ವಿದ್ಯಾರ್ಥಿಗಳು 1920ರ ವೇಳೆಗೆ ಸುಮಾರು 22 ಲಕ್ಷವಾದರು. 1930ರ ವೇಳೆಗೆ ಅದರ ಎರಡರಷ್ಟಾದರು. ಇವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವರು ಸ್ವಲ್ಪವೇ. ಎಂಟನೆಯ ಅಥವಾ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಕೆಲಸಕ್ಕೆ ಸೇರುವವರು ಬಹಳ. ನಾಲ್ಕನೆಯ ವರ್ಷಕ್ಕೆಂದು ಮೀಸಲಿಟ್ಟ ಸ್ವದೇಶದ ಪಾಠ ಅಂಥವರನ್ನು ಮುಟ್ಟುವ ಬಗೆ ಹೇಗೆ? ರೋಮನ್ ಚಕ್ರವರ್ತಿಗಳ ಹೆಸರನ್ನು ಬಲ್ಲ ಹುಡುಗ ತನ್ನ ಬೀದಿಯ ಕೊಳಚೆಯನ್ನು ಎತ್ತಿಸಬೇಕಾದವರು ಯಾರೆಂಬುದನ್ನು ತಿಳಿಯದೆಯೇ ವೋಟು ಕೊಡುವ ಪ್ರಜೆಯಾಗುತ್ತಿದ್ದ.

ಈ ಕೊರತೆಯನ್ನು ತುಂಬಲು ಹೊರಟ ಪ್ರಯತ್ನಗಳಲ್ಲಿ ಮುಖ್ಯವಾದುದೊಂದು ಆರಂಭವಾದ ಸ್ಥಳ ಯಾರೂ ನಿರೀಕ್ಷಿಸದಂಥದು. ವರ್ಜೀನಿಯಾ ಸಂಸ್ಥಾನದ ಹ್ಯಾಂಪ್ಟನ್ ಎಂಬಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ 1868ರಲ್ಲಿ ಒಂದು ವಿದ್ಯಾಸಂಸ್ಥೆ ಸ್ಥಾಪಿತವಾಗಿತ್ತು. ಹತ್ತು ವರ್ಷಗಳ ಮೇಲೆ ಅಮೆರಿಕದ ಮೂಲನಿವಾಸಿಗಳ ಮಕ್ಕಳೂ ಅಲ್ಲಿಗೆ ಸೇರಿದರು. ವೇಲ್ಸ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಮಾಜಶಾಸ್ತ್ರವನ್ನು ವ್ಯಾಸಂಗ ಮಾಡಿದ ಥಾಮಸ್ ಜೆಸ್ಸಿ ಜೋನ್ಸ್ ಎಂಬವರು 1902ರಲ್ಲಿ ಅಲ್ಲಿ ಉಪಾಧ್ಯಾಯರಾದರು. ಪೌರನೀತಿ, ಅರ್ಥಶಾಸ್ತ್ರ, ಜನಗಣತಿಯ ಅಂಕಿಗಳ ಅಭ್ಯಾಸ, ಸಮಾಜಶಾಸ್ತ್ರ ಇವನ್ನು ಕೂಡಿಸಿ ಅವರು ಒಂದು ಪಾಠಕ್ರಮವನ್ನು ಕಟ್ಟಿ, ಅದಕ್ಕೆ ‘ಸೋಷಿಯಲ್ ಸ್ಟಡೀಸ್’ ಎಂಬ ಹೆಸರನ್ನು ಬಳಸಿದರು. ಅದರ ವಿವರಣೆ ಆ ಸಂಸ್ಥೆಯ ಪತ್ರಿಕೆಯಲ್ಲಿ ಬಂದು, 1908ರಲ್ಲಿ ಪುಸ್ತಕವಾಯಿತು.

ಜೋನ್ಸ್ ಅವರ ಉದ್ದೇಶ ದಯಾಪೂರ್ಣವಾಗಿಯೇ ಇತ್ತು. ಆದರೆ ಆ ದಯೆಯೊಳಗೆ ಒಂದು ಮುಳ್ಳೂ ಇತ್ತು. ಸಮಾಜಗಳು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತವೆ, ನಿಮ್ಮ ಜನ ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿದ್ದಾರೆ, ಆದುದರಿಂದ ದುಡಿಮೆಯನ್ನೂ ಮಿತವ್ಯಯವನ್ನೂ ತಾಳ್ಮೆಯನ್ನೂ ಕಲಿಯಿರಿ ಎಂಬುದು ಆ ಪಾಠದ ಒಳದನಿ. ವೋಟಿನ ಹಕ್ಕನ್ನು ಕಸಿದುಕೊಂಡವರು ಯಾರು, ಯಾವ ನ್ಯಾಯದಿಂದ ಕಸಿದುಕೊಂಡರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಕಪ್ಪು ಜನರ ವಿದ್ಯಾಭ್ಯಾಸವನ್ನು ಕುರಿತು ಜೋನ್ಸ್ ಅವರು 1917ರಲ್ಲಿ ದೊಡ್ಡದೊಂದು ವರದಿಯನ್ನು ಪ್ರಕಟಿಸಿದಾಗ, ವಿದ್ವಾಂಸರೂ ಹೋರಾಟಗಾರರೂ ಆದ ಡಬ್ಲ್ಯು. ಇ. ಬಿ. ಡುಬೋಯಿಸ್ ಅವರು ಅದನ್ನು ತಮ್ಮ ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದರು. ಕೈಕಸುಬಿನ ಹೆಸರಿನಲ್ಲಿ ಉನ್ನತ ವಿದ್ಯೆಯ ಬಾಗಿಲನ್ನು ಮುಚ್ಚಲಾಗುತ್ತಿದೆ ಎಂಬುದು ಅವರ ಆಕ್ಷೇಪಣೆಯ ಸಾರ. ಸಮಾಜ ಪಾಠದ ತೊಟ್ಟಿಲಿನಲ್ಲಿಯೇ ಈ ದ್ವಂದ್ವವಿದ್ದಿತು. ಲೋಕವನ್ನು ಅರಿತುಕೊಳ್ಳುವುದಕ್ಕೂ ಲೋಕಕ್ಕೆ ತಲೆಬಾಗುವುದಕ್ಕೂ ಒಂದೇ ಪಾಠ ಸಾಧನವಾಗಬಲ್ಲುದು.

ಅದೇ ಜೋನ್ಸ್ ಅವರ ಅಧ್ಯಕ್ಷತೆಯಲ್ಲಿ ಅಮೆರಿಕದ ವಿದ್ಯಾಭ್ಯಾಸ ಸಂಘದ ಒಂದು ಸಮಿತಿ ಕೆಲವು ವರ್ಷ ಕೆಲಸ ಮಾಡಿ 1916ರಲ್ಲಿ ತನ್ನ ವರದಿಯನ್ನು ಹೊರತಂದಿತು. ವರದಿಯನ್ನು ಸಂಕಲಿಸಿದವರು ಕಾರ್ಯದರ್ಶಿಗಳಾದ ಆರ್ಥರ್ ವಿಲಿಯಂ ಡನ್ ಅವರು. ಮಾನವ ಸಮಾಜದ ರಚನೆಗೂ ಬೆಳವಣಿಗೆಗೂ, ಸಮಾಜದ ಅಂಗವಾದ ಮನುಷ್ಯನಿಗೂ ನೇರವಾಗಿ ಸಂಬಂಧಪಟ್ಟ ವಿಷಯಗಳೆಲ್ಲ ಸಮಾಜ ಪಾಠಗಳು ಎಂದು ಅದು ಲಕ್ಷಣ ಹೇಳಿತು. ಏಳರಿಂದ ಒಂಬತ್ತನೆಯ ತರಗತಿಯವರೆಗೆ ಒಂದು ಸುತ್ತು, ಹತ್ತರಿಂದ ಹನ್ನೆರಡರವರೆಗೆ ಇನ್ನೊಂದು ಸುತ್ತು. ಮೊದಲನೆಯ ಸುತ್ತಿನಲ್ಲಿ ಭೂಗೋಳ, ಯೂರೋಪಿನ ಚರಿತ್ರೆ, ಸ್ವದೇಶದ ಚರಿತ್ರೆ, ಪೌರನೀತಿ. ಎರಡನೆಯ ಸುತ್ತಿನಲ್ಲಿ ಚರಿತ್ರೆಯನ್ನೇ ಇನ್ನೂ ವಿಸ್ತಾರವಾಗಿ ಓದಿ, ಕೊನೆಯ ವರ್ಷದಲ್ಲಿ ಪ್ರಜಾಪ್ರಭುತ್ವದ ಸಮಸ್ಯೆಗಳ ವಿಚಾರ. ಹೀಗೆ ಸುತ್ತುಗಳನ್ನು ಮಾಡಿದುದರ ಕಾರಣ ಸರಳ: ನಡುವೆ ಶಾಲೆ ಬಿಡುವ ಬಡ ಮಗುವೂ ಒಂದು ಪೂರ್ಣವಾದ ಪಾಠವನ್ನು ಕೈಯಲ್ಲಿ ಹಿಡಿದೇ ಹೋಗಬೇಕು.

ಪೌರನೀತಿಯೂ ಈ ವರದಿಯಲ್ಲಿ ಹೊಸ ವೇಷ ತೊಟ್ಟಿತು. ರಾಜ್ಯಾಂಗದ ಕಲಮುಗಳನ್ನು ಬಾಯಿಪಾಠ ಮಾಡಿಸುವುದನ್ನು ಬದಿಗಿಟ್ಟು, ಆರೋಗ್ಯ, ಪ್ರಾಣ ಮತ್ತು ಸ್ವತ್ತುಗಳ ರಕ್ಷಣೆ, ವಿನೋದ, ವಿದ್ಯೆ, ಊರಿನ ಸೌಂದರ್ಯ, ಸಂಪತ್ತು, ಸಾರಿಗೆ, ಸಂಪರ್ಕ, ವಲಸೆ, ದಾನಧರ್ಮ ಮೊದಲಾದ ತಲೆಬರಹಗಳ ಕೆಳಗೆ ಊರನ್ನೇ ಪಠ್ಯವಾಗಿ ಮಾಡಿತು. ಈ ಅಗತ್ಯವನ್ನು ನಮ್ಮ ಊರು ಹೇಗೆ ಪೂರೈಸುತ್ತಿದೆ, ಅದರಲ್ಲಿ ನನ್ನ ಪಾಲಿನ ಕರ್ತವ್ಯವೇನು ಎಂದು ಮಗು ಕೇಳಿಕೊಳ್ಳಬೇಕು. ಚರಿತ್ರೆಯಲ್ಲಿಯೂ ಅದೇ ತತ್ತ್ವ: ಹಿಂದಿನದನ್ನೆಲ್ಲ ಸಮನಾಗಿ ಹೇಳುವುದರ ಬದಲು ಇಂದಿನ ಬಾಳಿಗೆ ಬೆಳಕು ಕೊಡುವುದನ್ನು ಆರಿಸಿ ಹೇಳಬೇಕು. ಜಾನ್ ಡ್ಯೂಯಿ ಅವರ ವಿದ್ಯಾತತ್ತ್ವದ ಛಾಯೆ ಈ ಮಾತುಗಳಲ್ಲೆಲ್ಲ ಕಾಣುತ್ತದೆ. ಇಂದಿಗೂ ಅಮೆರಿಕದ ಶಾಲೆಗಳ ಸಮಾಜ ಪಾಠದ ಚೌಕಟ್ಟಿನಲ್ಲಿ 1916ರ ಗುರುತುಗಳು ಅಳಿಸಿಲ್ಲ.

ವರದಿಯೇನೋ ಬಂತು, ಅದನ್ನು ಆಚರಣೆಗೆ ತರುವ ಪುಸ್ತಕ ಬೇಕಲ್ಲ? ಆ ಕೆಲಸವನ್ನು ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ ಕೈಗೊಂಡವರು ಹೆರಾಲ್ಡ್ ರಗ್. 1886ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಫಿಚ್‌ಬರ್ಗಿನಲ್ಲಿ ಒಬ್ಬ ಬಡಗಿಯ ಮಗನಾಗಿ ಹುಟ್ಟಿದ ಇವರು ಮೊದಲು ಕಲಿತದ್ದು ಎಂಜಿನಿಯರಿಂಗ್ ವಿದ್ಯೆ. 1920ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಉಪಾಧ್ಯಾಯರ ಕಾಲೇಜನ್ನು ಸೇರಿ, ಅದಕ್ಕೆ ಹೊಂದಿಕೊಂಡ ಲಿಂಕನ್ ಶಾಲೆಯನ್ನು ತಮ್ಮ ಪ್ರಯೋಗಶಾಲೆ ಮಾಡಿಕೊಂಡರು. ಚರಿತ್ರೆ, ಭೂಗೋಳ, ಪೌರನೀತಿ ಎಂದು ಗೋಡೆ ಕಟ್ಟಿದರೆ ಮಗುವಿಗೆ ಬಾಳಿನ ಒಟ್ಟು ಸ್ವರೂಪ ಕಾಣುವುದಿಲ್ಲ. ಗೋಡೆಗಳನ್ನು ಕೆಡವಿ ಒಂದೊಂದು ಸಮಸ್ಯೆಯ ಸುತ್ತ ಎಲ್ಲವನ್ನೂ ಹೆಣೆಯಬೇಕೆಂಬುದು ಅವರ ಮತ.

ಎಂಜಿನಿಯರನ ಬುದ್ಧಿ ಅವರನ್ನು ಬಿಡಲಿಲ್ಲ. ಮಗುವಿಗೆ ಏನನ್ನು ಕಲಿಸಬೇಕೆಂಬುದನ್ನೂ ಅಳೆದು ತಿಳಿಯಬೇಕೆಂದು ಶಿಷ್ಯರನ್ನು ಶೋಧನೆಗೆ ಹಚ್ಚಿದರು. ಕಾಲದ ಮುಂಚೂಣಿಯ ವಿಚಾರವಂತರ ಗ್ರಂಥಗಳನ್ನು ಜಾಲಾಡಿ, ಅವುಗಳಲ್ಲಿ ಅಡಗಿದ್ದ 888 ಸಾಮಾನ್ಯ ತತ್ತ್ವಗಳನ್ನು ಅವರಲ್ಲೊಬ್ಬರು ಎಣಿಸಿ ಪಟ್ಟಿ ಮಾಡಿದರು. 1921ರಿಂದ ಕಿರುಪುಸ್ತಕಗಳನ್ನು ಅಚ್ಚು ಹಾಕಿಸಿ ಶಾಲೆಗಳಿಗೆ ಕಳುಹಿಸಿ, ಪಾಠ ಹೇಳಿದವರ ಅನುಭವವನ್ನು ತರಿಸಿಕೊಂಡು, ತಿದ್ದಿ, ಮತ್ತೆ ಅಚ್ಚು ಹಾಕಿಸಿದರು. ಇಷ್ಟು ಪುಟ ಹಾಕಿದ ಮೇಲೆ 1929ರಿಂದ 1932ರವರೆಗೆ ಗಿನ್ ಕಂಪೆನಿಯವರ ಮೂಲಕ ಏಳು, ಎಂಟು, ಒಂಬತ್ತನೆಯ ತರಗತಿಗಳಿಗಾಗಿ ಆರು ಸಂಪುಟಗಳು ಹೊರಬಿದ್ದವು. ‘ಮನುಷ್ಯನೂ ಅವನ ಬದಲಾಗುವ ಸಮಾಜವೂ’ ಎಂಬುದು ಆ ಮಾಲೆಯ ಹೆಸರಿನ ಅರ್ಥ.

ಮೊದಲನೆಯ ಸಂಪುಟ ಹೊರಬಂದ ವರ್ಷವೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಕೋಟ್ಯಂತರ ಜನ ಕೆಲಸ ಕಳೆದುಕೊಳ್ಳುವ ಕಾಲ ಬಂತು. ಕಾರ್ಖಾನೆಯ ಬಾಗಿಲಿನಲ್ಲಿ ನಿಂತು ಬರಿಗೈಯಲ್ಲಿ ಮರಳಿದ ತಂದೆಯನ್ನು ಮನೆಯಲ್ಲಿ ಕಂಡ ಮಗು ಶಾಲೆಯ ಪುಸ್ತಕದಲ್ಲಿ ಅದಕ್ಕೆ ಕಾರಣವನ್ನು ಹುಡುಕಿದರೆ ಆಶ್ಚರ್ಯವಿಲ್ಲ. ರಗ್ ಅವರ ಪುಸ್ತಕದಲ್ಲಿ ಆ ಮಾತು ಇತ್ತು. ಸಂಪತ್ತು ಹಂಚಿಕೆಯಾಗಿರುವ ರೀತಿ, ಜಾಹೀರಾತಿನ ಮಾಯೆ, ಗಣಿಯವರ ಬಾಳು, ಪರದೇಶಗಳ ರಾಜ್ಯಪದ್ಧತಿ, ಎಲ್ಲವೂ ಇದ್ದವು. ಒಳ್ಳೆಯ ಚಿತ್ರಗಳೂ ನಕ್ಷೆಗಳೂ ಇದ್ದವು. ಮಾತು ಕಥೆಯಂತೆ ಓಡುತ್ತಿತ್ತು. ಹತ್ತು ವರ್ಷಗಳಲ್ಲಿ ಸುಮಾರು 13 ಲಕ್ಷ ಪುಸ್ತಕಗಳೂ, ಅವುಗಳಿಗೆ ಜೊತೆಯಾದ ಅಭ್ಯಾಸ ಪುಸ್ತಕಗಳು ಸುಮಾರು 27 ಲಕ್ಷವೂ ಮಾರಾಟವಾದವು.

ಅನಂತರ ಗಾಳಿ ತಿರುಗಿತು. 1939ರ ಸುಮಾರಿಗೆ ಜಾಹೀರಾತು ಉದ್ಯಮದವರ ಒಕ್ಕೂಟ ಆ ಪುಸ್ತಕಗಳ ಮೇಲೆ ದೂರು ಎತ್ತಿತು. ವ್ಯಾಪಾರ ಪತ್ರಿಕೆಯ ಸ್ಥಾಪಕರಾದ ಬಿ. ಸಿ. ಫೋರ್ಬ್ಸ್ ಅವರು ನ್ಯೂಜೆರ್ಸಿಯ ಎಂಗಲ್‌ವುಡ್ ಪಟ್ಟಣದ ಶಾಲಾಮಂಡಲಿಯಲ್ಲಿದ್ದುಕೊಂಡು, ಈ ಪುಸ್ತಕಗಳನ್ನು ತೆಗೆದುಹಾಕಬೇಕೆಂದು ಹಟ ಹಿಡಿದರು. 1940ರ ಸೆಪ್ಟೆಂಬರಿನಲ್ಲಿ ನಿವೃತ್ತ ಯೋಧರ ಸಂಘವಾದ ಅಮೆರಿಕನ್ ಲೀಜನ್ನಿನ ಪತ್ರಿಕೆ ಪಠ್ಯಪುಸ್ತಕಗಳಲ್ಲಿ ರಾಜದ್ರೋಹವಿದೆಯೆಂಬ ತಲೆಬರಹದ ಲೇಖನವನ್ನು ಅಚ್ಚು ಮಾಡಿತು. ಅದೇ ವರ್ಷ ಓಹಾಯೋ ಸಂಸ್ಥಾನದ ಬ್ರ್ಯಾಡ್ನರ್ ಎಂಬ ಚಿಕ್ಕ ಊರಿನಲ್ಲಿ ಪುಸ್ತಕಗಳನ್ನು ಸುಟ್ಟರು. ಕೈಗಾರಿಕೋದ್ಯಮಿಗಳ ಸಂಘವು ಬ್ಯಾಂಕಿಂಗ್ ಶಾಸ್ತ್ರದ ಅಧ್ಯಾಪಕರೊಬ್ಬರಿಂದ ಐನೂರಕ್ಕೂ ಹೆಚ್ಚು ಸಮಾಜ ಪಠ್ಯಗಳನ್ನು ಪರೀಕ್ಷೆ ಮಾಡಿಸಿ 1941ರಲ್ಲಿ ಫಲಿತಾಂಶವನ್ನು ಪತ್ರಿಕೆಗಳಿಗೆ ಕೊಟ್ಟಿತು. ರಗ್ ಅವರು ಊರೂರಿಗೆ ಹೋಗಿ ಸಭೆಗಳಲ್ಲಿ ಉತ್ತರ ಕೊಟ್ಟರು. ಎದುರು ನಿಂತು ಮಾತಾಡಿದವರಲ್ಲಿ ಎಷ್ಟೋ ಮಂದಿ, ತಾವು ಆ ಪುಸ್ತಕಗಳನ್ನು ಓದಿಲ್ಲವೆಂಬ ಪೀಠಿಕೆಯೊಡನೆಯೇ ಖಂಡನೆಗೆ ತೊಡಗುತ್ತಿದ್ದರೆಂದು ಅವರು ಅದೇ ವರ್ಷದ ತಮ್ಮ ಗ್ರಂಥದಲ್ಲಿ ನೆನೆದಿದ್ದಾರೆ. ಉತ್ತರ ಕೊಟ್ಟದ್ದರಿಂದ ಫಲವಾಗಲಿಲ್ಲ. 1938ರಲ್ಲಿ 2 ಲಕ್ಷ 89 ಸಾವಿರವಿದ್ದ ವರ್ಷದ ಮಾರಾಟ 1944ರಲ್ಲಿ 21 ಸಾವಿರಕ್ಕೆ ಇಳಿಯಿತು. ಕ್ರಮೇಣ ಮಾಲೆಯೇ ಮರೆಯಾಯಿತು.

ಇಷ್ಟು ಕೇಳಿದ ಮೇಲೆ ರಗ್ ಅವರನ್ನು ನಿರ್ದೋಷಿಯೆಂದೂ ಎದುರಾಳಿಗಳನ್ನು ದುಷ್ಟರೆಂದೂ ತೀರ್ಪು ಕೊಡುವುದು ಸುಲಭ. ಚರಿತ್ರೆ ಅಷ್ಟು ಸುಲಭವಾದುದಲ್ಲ. ಅವರ ಮಾಲೆಯಲ್ಲಿ ಒಂದು ಪ್ರಶ್ನೆ ಬರುತ್ತದೆ: ನಮ್ಮ ದೇಶ ಎಲ್ಲ ಪ್ರಜೆಗಳಿಗೂ ಸಮನಾದ ಅವಕಾಶವನ್ನು ಕೊಡುವ ದೇಶವೇ? ಬಹು ಒಳ್ಳೆಯ ಪ್ರಶ್ನೆ. ಆದರೆ ಉಪಾಧ್ಯಾಯರಿಗಾಗಿ ಬರೆದ ಕೈಪಿಡಿಯಲ್ಲಿ ಅದಕ್ಕೆ ಉತ್ತರವೂ ಸಿದ್ಧವಾಗಿತ್ತು: ಅಲ್ಲ, ಏಕೆಂದರೆ ಜನರ ಜೀವನಮಟ್ಟದಲ್ಲಿ ಬಹಳ ಅಂತರವಿದೆ. ಉತ್ತರ ನಿಜವೇ ಇರಬಹುದು. ಅದನ್ನು ಮಗು ಅಂಕಿಗಳನ್ನು ನೋಡಿ, ಊರನ್ನು ಸುತ್ತಿ, ವಾದ ಪ್ರತಿವಾದಗಳನ್ನು ಕೇಳಿ ತಾನೇ ಕಂಡುಕೊಳ್ಳಬೇಕೆಂದು ತಾನೆ ಈ ಪಾಠ ಹುಟ್ಟಿದ್ದು? ಕೊನೆಯ ಪುಟದಲ್ಲಿ ಉತ್ತರವನ್ನು ಅಚ್ಚು ಮಾಡಿಟ್ಟ ಮೇಲೆ ಪ್ರಶ್ನೆಯೂ ಬಾಯಿಪಾಠದ ಇನ್ನೊಂದು ರೂಪವಾಗುತ್ತದೆ. ಎದುರಾಳಿಗಳಾದರೋ ಆ ಉತ್ತರವನ್ನು ಅಳಿಸಿ ಅಲ್ಲಿ ‘ಹೌದು’ ಎಂದು ಬರೆಯಬೇಕೆಂದರು. ಪ್ರಶ್ನೆಯೇ ಬೇಡವೆಂದವರೂ ಇದ್ದರು. ಹ್ಯಾಂಪ್ಟನ್ನಿನಲ್ಲಿ ತಾಳ್ಮೆಯ ಉತ್ತರ ಸಿದ್ಧವಾಗಿದ್ದ ಹಾಗೆ ಇಲ್ಲಿ ಸುಧಾರಣೆಯ ಉತ್ತರವೂ ಹೆಮ್ಮೆಯ ಉತ್ತರವೂ ಸಿದ್ಧವಾಗಿದ್ದವು. ಮಗುವಿನ ಬುದ್ಧಿಯಲ್ಲಿ ನಂಬಿಕೆಯಿಟ್ಟವರು ಯಾವ ಪಕ್ಷದಲ್ಲಿಯೂ ಹೆಚ್ಚು ಮಂದಿ ಇರಲಿಲ್ಲ.

ಆದರೂ ಎರಡು ಪಕ್ಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಉತ್ತರ ತಪ್ಪಿದ್ದರೂ ಪ್ರಶ್ನೆ ಪುಸ್ತಕದಲ್ಲಿ ಉಳಿದಿದ್ದರೆ, ಚುರುಕಾದ ಉಪಾಧ್ಯಾಯರೊಬ್ಬರು ಅದನ್ನು ಮತ್ತೆ ತೆರೆಯಬಲ್ಲರು. ಪುಸ್ತಕವನ್ನೇ ಸುಟ್ಟಮೇಲೆ ತೆರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ನಷ್ಟ ಬೂದಿಯಲ್ಲಿ ಕಾಣಿಸುವಂಥದಲ್ಲ: ಇನ್ನು ಮುಂದೆ ಯಾರ ಕೋಪಕ್ಕೂ ಗುರಿಯಾಗದಂತೆ ಬರೆಯಬೇಕೆಂಬ ಎಚ್ಚರ ಪ್ರಕಾಶಕರ ಮನಸ್ಸಿನಲ್ಲಿ ನೆಲೆಸುತ್ತದೆ. ಉಪ್ಪು ಖಾರವಿಲ್ಲದ ಪಠ್ಯಪುಸ್ತಕದ ಹುಟ್ಟು ಅಲ್ಲಿಂದ.

1943ರ ಏಪ್ರಿಲಿನಲ್ಲಿ ಇನ್ನೊಂದು ಕೂಗು ಎದ್ದಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 36 ಕಾಲೇಜುಗಳ 7 ಸಾವಿರ ಹೊಸ ವಿದ್ಯಾರ್ಥಿಗಳಿಗೆ ಸ್ವದೇಶದ ಚರಿತ್ರೆಯಲ್ಲಿ ಪರೀಕ್ಷೆ ಮಾಡಿ, ಅವರ ಅಜ್ಞಾನವನ್ನು ಮುಖಪುಟದಲ್ಲಿ ಸಾರಿತು. ಸಮಾಜ ಪಾಠ ಚರಿತ್ರೆಯನ್ನು ನುಂಗಿಹಾಕಿತೆಂದು ಹಲವರು ಹುಯಿಲಿಟ್ಟರು. ಇತಿಹಾಸಕಾರರೂ ಉಪಾಧ್ಯಾಯರೂ ಕೂಡಿದ ಒಂದು ಸಮಿತಿ ವಿಚಾರಣೆ ನಡೆಸಿ ಮರುವರ್ಷ ಕೊಟ್ಟ ವರದಿಯಿಂದ, ಸ್ವದೇಶದ ಚರಿತ್ರೆಯ ಪಾಠ ದೇಶದಲ್ಲೆಲ್ಲ ನಡೆಯುತ್ತಲೇ ಇದ್ದಿತೆಂದು ಗೊತ್ತಾಯಿತು. ಪಾಠ ಕೇಳಿದವನಿಗೆಲ್ಲ ಅದು ನೆನಪಿನಲ್ಲಿ ಉಳಿಯುತ್ತದೆಂಬ ನಿಯಮ ಯಾವ ದೇಶದಲ್ಲಿಯೂ ಇಲ್ಲ. ಅಂದಿನಿಂದ ಚರಿತ್ರೆಯ ಪಕ್ಷ, ಸಮಾಜ ಪಾಠದ ಪಕ್ಷ ಎಂಬ ಎರಡು ಬಣಗಳ ಕಾದಾಟ ಅಲ್ಲಿ ಆಗಾಗ ಮರುಕಳಿಸುತ್ತಿದೆ.

ಈ ಪಾಠ ನಮ್ಮ ದೇಶಕ್ಕೆ ಬಂದ ದಾರಿಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಸೇರಿದ ಸಭೆಯ ಬಳಿಕ, ಜಾಕಿರ್ ಹುಸೇನ್ ಅವರ ಸಮಿತಿ ಸಿದ್ಧಪಡಿಸಿದ ಮೂಲಶಿಕ್ಷಣದ ಯೋಜನೆಯಲ್ಲಿ ಕಸುಬು, ಮಾತೃಭಾಷೆಗಳ ಜೊತೆಗೆ ಸಮಾಜ ಪಾಠಕ್ಕೂ ಸ್ಥಾನವಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1952-53ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಆಯೋಗವು ಹೈಸ್ಕೂಲಿನಲ್ಲಿ ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಒಂದಾಗಿ ಕಲಿಸಬೇಕೆಂದು ಸಲಹೆ ಮಾಡಿತು. ಹೆಸರು ಒಂದಾಯಿತು, ಒಳಗೆ ಆ ವಿಷಯಗಳು ಒಂದೇ ಮನೆಯ ಬೇರೆ ಬೇರೆ ಒಲೆಗಳಂತೆ ಉರಿಯುತ್ತಲೇ ಬಂದವು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಂದ ಮೇಲೆ ಕೇಂದ್ರದ ಮಾಧ್ಯಮಿಕ ತರಗತಿಗಳ ಪುಸ್ತಕಗಳಲ್ಲಿ ಪೌರನೀತಿ ಎಂಬ ಹಳೆಯ ಹೆಸರು ಹೋಗಿ, ಸಾಮಾಜಿಕ ಮತ್ತು ರಾಜಕೀಯ ಜೀವನವೆಂಬ ಹೆಸರು ಬಂತು. ಪಠ್ಯಪುಸ್ತಕದಲ್ಲಿ ಯಾವುದಿರಬೇಕು, ಯಾವುದಿರಬಾರದು ಎಂಬ ಜಗಳಗಳನ್ನು ನಾವೂ ಕಂಡಿದ್ದೇವೆ. ನಮ್ಮ ಕರ್ನಾಟಕವೂ ಕಂಡಿದೆ. ಅವುಗಳ ಗದ್ದಲವನ್ನು ಕೇಳುವಾಗ ಎಂಗಲ್‌ವುಡ್, ಬ್ರ್ಯಾಡ್ನರ್‌ಗಳ ನೆನಪು ಬಂದರೆ ಶ್ರೋತೃಗಳಿಗೆ ವಿಷಯದ ಹಳಮೆ ತಿಳಿದೀತು. ಸರ್ಕಾರಗಳು ಬದಲಾದಂತೆ ಉತ್ತರಗಳು ಬದಲಾಗುತ್ತವೆ. ಪ್ರಶ್ನೆ ಕೇಳುವ ಅಭ್ಯಾಸವನ್ನು ಮಗುವಿಗೆ ಕೊಟ್ಟೆವೇ ಎಂಬುದನ್ನು ವಿಚಾರಿಸುವವರು ವಿರಳ.

ಇದಕ್ಕೆ ಸಮಿತಿ, ಆಯೋಗಗಳ ದಾರಿಯನ್ನೇ ಕಾಯಬೇಕಾಗಿಲ್ಲ. ನಾಳೆ ಸಂಜೆ ಮಗು ಪಾಠ ಒಪ್ಪಿಸಲು ಬಂದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಬೆಂಗಳೂರಿನ ಮನೆಯಾದರೆ ನಲ್ಲಿಯನ್ನು ತೋರಿಸಿ ಕೇಳಿ: ಕಾವೇರಿಯ ಈ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬರುತ್ತದೆಯಲ್ಲ, ಇದನ್ನು ತರಬೇಕೆಂದು ತೀರ್ಮಾನ ಮಾಡಿದವರು ಯಾರು? ಅದರ ವೆಚ್ಚವನ್ನು ಕೊಡುವವರು ಯಾರು? ಯಾವ ಬೀದಿಗೆ ಬಂತು, ಯಾವ ಬೀದಿಗೆ ಇನ್ನೂ ಬರಲಿಲ್ಲ, ಏಕೆ? ಭೂಗೋಳ, ಚರಿತ್ರೆ, ಅರ್ಥಶಾಸ್ತ್ರ, ಪೌರನೀತಿ ನಾಲ್ಕೂ ಆ ಒಂದು ಕೊಡದ ನೀರಿನಲ್ಲಿವೆ. ಉತ್ತರ ನಮಗೂ ಪೂರ್ತಿಯಾಗಿ ತಿಳಿದಿರಲಾರದು. ತಿಳಿಯದೆಂದು ಮಗುವಿನ ಮುಂದೆ ಒಪ್ಪಿಕೊಂಡು, ಇಬ್ಬರೂ ಕೂಡಿ ಹುಡುಕುವುದರಲ್ಲಿ ನಾಚಿಕೆಯೇನೂ ಇಲ್ಲ. ಸಮಾಜ ಪಾಠವೆಂಬುದು ಮೊದಲಾಗುವುದು ಆ ಗಳಿಗೆಯಿಂದ.